ಅಗಲ ಕಮ್ಮಿ, ಎತ್ತರ ಜಾಸ್ತಿ: ದಪ್ಪ ಕಂಡೆನ್ಸ್ಡ್ ಅಕ್ಷರಗಳ ಬಗ್ಗೆ

ಒಂದು ಸಣ್ಣ ಲೆಕ್ಕದಿಂದ ಶುರು ಮಾಡೋಣ. ನಿಮ್ಮ ಹತ್ರ 300 ಪಾಯಿಂಟ್ (ಪಾಯಿಂಟ್ ಅಂದ್ರೆ ಅಚ್ಚಿನ ಅಳತೆಯ ಮಾನ) ಅಗಲದ ಒಂದು ಕಾಲಂ ಇದೆ, ಅದರಲ್ಲಿ 12 ಅಕ್ಷರದ ಒಂದು ಇಂಗ್ಲಿಷ್ ಹೆಡ್‌ಲೈನು ಒಂದೇ ಸಾಲಲ್ಲಿ ಕೂರಬೇಕು. ಮಾಮೂಲಿ ಬೋಲ್ಡ್ ಫಾಂಟಲ್ಲಿ ಒಂದೊಂದು ಅಕ್ಷರ ತನ್ನ ಪಾಯಿಂಟ್ ಸೈಜಿನ 0.6 ಪಾಲು ಅಗಲ ಇರತ್ತೆ ಅಂತಿಟ್ಕೊಳ್ಳಿ, 12 ಅಕ್ಷರಕ್ಕೆ 7.2 ಆಯ್ತು, 300ನ್ನ 7.2ರಿಂದ ಭಾಗಿಸಿದ್ರೆ ಸುಮಾರು 42 ಪಾಯಿಂಟ್, ಅಷ್ಟೇ ದೊಡ್ಡದು ಮಾಡೋಕೆ ಆಗೋದು. ಅದೇ ಹೆಡ್‌ಲೈನಿಗೆ ಕಂಡೆನ್ಸ್ಡ್ ಬೋಲ್ಡ್, ಅಂದ್ರೆ ದಪ್ಪ ಇದ್ರೂ ಅಗಲದಲ್ಲಿ ಇಕ್ಕಟ್ಟಾಗಿರೋ ಫಾಂಟು ಹಾಕಿ, ಅಕ್ಷರದ ಅಗಲ 0.4ಕ್ಕೆ ಇಳೀತು ಅನ್ಕೊಳ್ಳಿ, ಈಗ ಅದೇ ಕಾಲಮ್ಮಲ್ಲಿ 62 ಪಾಯಿಂಟ್ ಕೂರತ್ತೆ. ಅದೇ ಮಾತು, ಅದೇ ಜಾಗ, ಆದ್ರೆ ಅಕ್ಷರ ಹೆಚ್ಚುಕಮ್ಮಿ ಒಂದೂವರೆ ಪಟ್ಟು ಎತ್ತರ.

ಇವತ್ತು ನಾನು ಹೇಳಬೇಕು ಅನ್ಕೊಂಡಿರೋದೆಲ್ಲ ಈ ಲೆಕ್ಕದ ಒಳಗೇ ಇದೆ. ದಪ್ಪ ಕಂಡೆನ್ಸ್ಡ್ ಅಕ್ಷರ ಅಂದ್ರೆ ಜನ ಮೊದಲು ಹೇಳೋದು ಅದು ಕೂಗತ್ತೆ, ಅರಚತ್ತೆ, ಗಮನ ಸೆಳೆಯೋಕೆ ಮಾಡಿದ್ದು ಅಂತ. ಅದು ಪೂರ್ತಿ ಸುಳ್ಳೇನಲ್ಲ, ಆದ್ರೆ ಆ ಗಟ್ಟಿ ದನಿ ಬಂದಿದ್ದು ಆಮೇಲೆ. ಮೊದಲು ಇದ್ದಿದ್ದು ಜಾಗದ ಸಮಸ್ಯೆ. ಅಗಲ ಯಾರೋ ಫಿಕ್ಸ್ ಮಾಡಿಬಿಟ್ಟಿದ್ದಾರೆ, ಮಾತು ಇಷ್ಟು ಅಂತ ಇನ್ಯಾರೋ ಫಿಕ್ಸ್ ಮಾಡಿದ್ದಾರೆ, ಮೇಲಕ್ಕೆ ಹೋಗೋಕೆ ಮಾತ್ರ ದಾರಿ ಇದೆ. ಅಂಥ ಕಡೆ ಹುಟ್ಟಿದ ಅಕ್ಷರ ಇದು, ಅಂಥ ಕಡೆ ಬಳಸಿದಾಗ ಮಾತ್ರ ಇದು ಚೆನ್ನಾಗಿ ಕೆಲಸ ಮಾಡತ್ತೆ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಹುಟ್ಟಿದ್ದು ಹೆಂಗೆ ಅಂತ ಸ್ವಲ್ಪ ನೋಡೋಣ. 19ನೇ ಶತಮಾನದ ಶುರುವಲ್ಲಿ ಅಚ್ಚುಕೂಟಗಳಿಗೆ ಪುಸ್ತಕದ ಜೊತೆಗೆ ಪೋಸ್ಟರು, ಹ್ಯಾಂಡ್‌ಬಿಲ್ಲು, ಜಾಹೀರಾತು ಇದೆಲ್ಲ ದೊಡ್ಡ ಕೆಲಸ ಆಗೋಕೆ ಶುರುವಾಯ್ತು. 1816ರ ಸುಮಾರಿಗೆ ಲಂಡನ್ನಿನ ವಿಲಿಯಂ ಕ್ಯಾಸ್ಲಾನ್ IV ತನ್ನ ಸ್ಯಾಂಪಲ್ ಪುಸ್ತಕದಲ್ಲಿ ತುದಿಗೆರೆ ಇಲ್ಲದ ಒಂದು ಟೈಪ್ ತೋರಿಸ್ದ, ಅಚ್ಚುಮೊಳೆಯಾಗಿ ಬಂದ ಮೊದಲ ಸಾನ್ಸ್ ಸೆರಿಫ್ ಅಂತ ಅದನ್ನ ಹೇಳ್ತಾರೆ, ಅದರಲ್ಲಿ ಬರೀ ಕ್ಯಾಪಿಟಲ್ಸ್ ಇತ್ತು. ಆದ್ರೆ ಸೀಸದ ಮೊಳೆ ತುಂಬಾ ದೊಡ್ಡದು ಮಾಡೋಕೆ ಹೋದ್ರೆ ಕಷ್ಟ, ತೂಕ ಜಾಸ್ತಿ, ಎರಕ ಹೊಯ್ದ ಮೇಲೆ ಆರುವಾಗ ಮುಖ ಸಮ ಇರಲ್ಲ, ಎಲ್ಲೋ ಒಂದು ಕಡೆ ತಗ್ಗಾಗತ್ತೆ, ಬೆಲೆನೂ ಹೆಚ್ಚು. ಅದಕ್ಕೆ ಮರ ಬಂತು. 1827ರಲ್ಲಿ ನ್ಯೂಯಾರ್ಕಿನ ಡೇರಿಯಸ್ ವೆಲ್ಸ್ ಮರದಲ್ಲಿ ಅಕ್ಷರ ಕೊರೆಯೋಕೆ ರೌಟರ್ ಮೆಷಿನ್ ತಂದ, 1834ರಲ್ಲಿ ವಿಲಿಯಂ ಲೆವೆನ್‌ವರ್ತ್ ಅದಕ್ಕೆ ಪ್ಯಾಂಟೋಗ್ರಾಫ್ ಸೇರಿಸ್ದ. ಪ್ಯಾಂಟೋಗ್ರಾಫ್ ಅಂದ್ರೆ ಒಂದು ಮಾದರಿ ಮೇಲೆ ಕೈಯಾಡಿಸ್ತಾ ಹೋದ್ರೆ ಇನ್ನೊಂದು ತುದೀಲಿ ಅದೇ ಆಕಾರ ಬೇರೆ ಸೈಜಲ್ಲಿ ಕೊರೆಯೋ ಸಾಧನ. ಇದು ಬಂದ ಮೇಲೆ ಮರದ ಅಕ್ಷರ ಎಷ್ಟು ಸೈಜಲ್ಲಿ ಬೇಕಾದ್ರೂ, ಎಷ್ಟು ಅಗಲದಲ್ಲಿ ಬೇಕಾದ್ರೂ ಸಿಗೋಕೆ ಶುರುವಾಯ್ತು.

ಆ ಕಾಲದ ಪೋಸ್ಟರ್ ಒಂದನ್ನ ಗಮನ ಇಟ್ಟು ನೋಡಿ. ಪ್ರತಿ ಸಾಲೂ ಎಡ ಅಂಚಿಂದ ಬಲ ಅಂಚಿನ ತನಕ ತುಂಬಿರತ್ತೆ. ಮೂರಕ್ಷರದ ಪದ ಬಂದ್ರೆ ಅಗಲದ ಟೈಪು, ಹದಿನೈದು ಅಕ್ಷರದ ಪದ ಬಂದ್ರೆ ಕಂಡೆನ್ಸ್ಡ್, ಇನ್ನೂ ಉದ್ದ ಇದ್ರೆ ಇನ್ನೂ ಕಂಡೆನ್ಸ್ಡ್. ಮೊಳೆ ಜೋಡಿಸೋನ ಕೈಲಿ ಹತ್ತಾರು ಅಗಲದ ಅಕ್ಷರ ಇದೆ, ಆ ಸಾಲಿಗೆ ಯಾವುದು ಸರಿಯಾಗಿ ಕೂರತ್ತೋ ಅದನ್ನ ತಗೀತಾನೆ. ಇದನ್ನ ಈಗಿನವರು ನೋಡಿ ಏನಪ್ಪಾ ಒಂದೇ ಪೋಸ್ಟರಲ್ಲಿ ಹತ್ತು ಫಾಂಟು ಅಂತಾರೆ, ಆದ್ರೆ ಅಲ್ಲಿ ತರ್ಕ ಇದೆ, ಸಾಲಿನ ಅಗಲವೇ ಫಾಂಟನ್ನ ಆರಿಸ್ತಾ ಇದೆ.

ಆ ತರ್ಕವನ್ನೇ ನೀಟಾಗಿ ಒಂದು ಫ್ಯಾಮಿಲಿ ಮಾಡಿ ಕೊಟ್ಟಿದ್ದು ಮಾರಿಸ್ ಫುಲ್ಲರ್ ಬೆಂಟನ್. ಅಮೆರಿಕನ್ ಟೈಪ್ ಫೌಂಡರ್ಸ್‌ಗೋಸ್ಕರ 1903ರಲ್ಲಿ ಆತ ಮಾಡಿದ ಆಲ್ಟರ್ನೇಟ್ ಗಾಥಿಕ್ ಮೂರು ಅಗಲದಲ್ಲಿ ಬಂತು, ನಂಬರ್ 1 ಎಲ್ಲಕ್ಕಿಂತ ಇಕ್ಕಟ್ಟು, ನಂಬರ್ 3 ಸ್ವಲ್ಪ ಸಡಿಲ. ಎತ್ತರ ಒಂದೇ, ಗುಣ ಒಂದೇ, ಅಗಲ ಮಾತ್ರ ಬೇರೆ. ಹೆಡ್‌ಲೈನ್ ಒಂದೇ ಒಂದು ಅಕ್ಷರದಷ್ಟು ಹೊರಗೆ ಹೋಗ್ತಿದ್ರೆ ನಂಬರ್ 2 ಬಿಟ್ಟು ನಂಬರ್ 1 ತಗೊಂಡ್ರೆ ಆಯ್ತು, ಮಾತು ಬದಲಾಯಿಸೋದು ಬೇಡ. ಇವತ್ತು ಫ್ರೀಯಾಗಿ ಸಿಗೋ ಲೀಗ್ ಗಾಥಿಕ್ ಇದೆಯಲ್ಲ, 2009ರಲ್ಲಿ ಬಂದಿದ್ದು, ಅದು ಈ ಆಲ್ಟರ್ನೇಟ್ ಗಾಥಿಕ್ಕಿನ ಮರುಹುಟ್ಟೇ. ವರ್ನನ್ ಆಡಮ್ಸ್ ಮಾಡಿದ ಆಸ್ವಾಲ್ಡ್ ಕೂಡ ಅದೇ ಮನೆತನದ್ದು, ಸ್ಕ್ರೀನಿಗೆ ಹೊಂದೋ ಹಾಗೆ ತಿದ್ದಿ ಬರೆದಿದ್ದು. ನೂರು ವರ್ಷದ ಹಿಂದಿನ ಮೊಳೆಯ ಆಕಾರ ಇವತ್ತು ನೀವು ಫೋನಲ್ಲಿ ಸ್ಕ್ರೋಲ್ ಮಾಡ್ತಾ ನೋಡ್ತಿದ್ದೀರಿ.

ಇನ್ನೊಂದು ಕವಲು ಸ್ವಿಟ್ಜರ್‌ಲೆಂಡ್ ಕಡೆಯಿಂದ ಬರತ್ತೆ. 1954ರಲ್ಲಿ ವಾಲ್ಟರ್ ಹ್ಯಾಟೆನ್‌ಶ್ವೈಲರ್ ಒಂದು ಅಕ್ಷರ ಸಂಗ್ರಹದ ಪುಸ್ತಕಕ್ಕೆ ಅಂತ ಶ್ಮಾಲ್‌ಫೆಟ್ಟೆ ಗ್ರೊಟೆಸ್ಕ್ ಅನ್ನೋ ದಪ್ಪ ಇಕ್ಕಟ್ಟು ಕ್ಯಾಪಿಟಲ್ಸ್ ಬರೆದ. ಅದು ಆಗ ಮಾರಾಟಕ್ಕಿದ್ದ ಫಾಂಟೂ ಅಲ್ಲ, ಪುಸ್ತಕದ ಪುಟದಲ್ಲಿದ್ದ ಚಿತ್ರ. ಆದ್ರೂ ಪತ್ರಿಕೆ ಡಿಸೈನ್ ಮಾಡೋರು ಅದನ್ನ ಬಿಡಲಿಲ್ಲ, ಹೆಡ್‌ಲೈನಿಗೆ ಎತ್ಕೊಂಡ್ರು. ಅದರಿಂದಲೇ ಮುಂದೆ ಹ್ಯಾಟೆನ್‌ಶ್ವೈಲರ್ ಅನ್ನೋ ಹೆಸರಿನ ಫಾಂಟೂ ಬಂತು, ನಿಮ್ಮಲ್ಲಿ ಕೆಲವರು ಆಫೀಸ್ ಸಾಫ್ಟ್‌ವೇರಿನ ಫಾಂಟ್ ಮೆನುವಲ್ಲಿ ಆ ಉದ್ದ ಹೆಸರು ನೋಡಿರ್ತೀರಿ. 1963ರಲ್ಲಿ ಲೆಟ್ರಾಸೆಟ್‌ಗೆ ಫ್ರೆಡ್ ಲ್ಯಾಂಬರ್ಟ್ ಮಾಡಿದ ಕಾಂಪ್ಯಾಕ್ಟಾ ಬಂತು, ಹಾಳೆ ಮೇಲಿಟ್ಟು ಉಜ್ಜಿದ್ರೆ ಅಕ್ಷರ ಅಂಟ್ಕೊಳ್ಳೋ ಆ ಶೀಟುಗಳು. 1965ರಲ್ಲಿ ಶೆಫೀಲ್ಡಿನ ಸ್ಟೀಫನ್‌ಸನ್ ಬ್ಲೇಕ್ ಫೌಂಡ್ರಿಯಿಂದ ಜೆಫ್ರಿ ಲೀ ಮಾಡಿದ ಇಂಪ್ಯಾಕ್ಟ್ ಬಂತು.

ಇಂಪ್ಯಾಕ್ಟ್ ಬಗ್ಗೆ ಸ್ವಲ್ಪ ನಿಲ್ತೀನಿ, ಯಾಕಂದ್ರೆ ಅದನ್ನ ನೋಡದೇ ಇರೋರು ಯಾರೂ ಇಲ್ಲ. ಅದು ಲೋಹದ ಮೊಳೆಯಾಗಿ ಬಂದಿದ್ದು ಲೋಹದ ಮೊಳೆಯ ಕಾಲ ಮುಗೀತಾ ಇದ್ದಾಗ. ಲೀ ಅವರ ಉದ್ದೇಶ ಒಂದೇ, ಕೊಟ್ಟ ಸೈಜಲ್ಲಿ ಎಷ್ಟು ಸಾಧ್ಯನೋ ಅಷ್ಟು ಮಸಿ ಕಾಗದದ ಮೇಲೆ ಬೀಳಬೇಕು, ಸಣ್ಣಕ್ಷರದ ಎತ್ತರ ಅಂದ್ರೆ ಎಕ್ಸ್-ಹೈಟ್ ಎಷ್ಟು ಸಾಧ್ಯನೋ ಅಷ್ಟು ಎತ್ತರ ಇರಬೇಕು. ಅದಕ್ಕೇ ಅದರ ಮೇಲಕ್ಕೆ ಹೋಗೋ ಕೋಲು, ಕೆಳಕ್ಕೆ ಇಳಿಯೋ ಬಾಲ ಎರಡೂ ಮೊಟಕು. 1996ರಲ್ಲಿ ಮೈಕ್ರೋಸಾಫ್ಟ್ ವೆಬ್‌ಗೋಸ್ಕರ ಫ್ರೀಯಾಗಿ ಹಂಚಿದ ಫಾಂಟುಗಳ ಗುಂಪಲ್ಲಿ ಇದೂ ಇತ್ತು, ಹಂಗಾಗಿ ಎಲ್ಲರ ಕಂಪ್ಯೂಟರಲ್ಲೂ ಬಂದು ಕೂತ್ಕೊಳ್ತು. ಆಮೇಲೆ ಮೀಮ್‌ಗಳಲ್ಲಿ ಇದೇ ಫಾಂಟು ಯಾಕೆ ಬಂತು ಅಂತ ಕೇಳ್ತಾರೆ, ಎಲ್ಲರ ಹತ್ರ ಇತ್ತು ಅನ್ನೋದು ಅರ್ಧ ಉತ್ತರ ಅಷ್ಟೇ. ಫೋಟೋ ಮೇಲೆ ಅಕ್ಷರ ಬರೀಬೇಕು, ಫೋಟೋ ಎಲ್ಲಿ ಕಪ್ಪು ಎಲ್ಲಿ ಬಿಳಿ ಅಂತ ಮೊದಲೇ ಗೊತ್ತಿಲ್ಲ, ಆಗ ಬಿಳಿ ಅಕ್ಷರ, ಸುತ್ತ ಕಪ್ಪು ಅಂಚು. ಅಂಚು ಹಾಕಿದ್ರೆ ತೆಳ್ಳಗಿನ ಅಕ್ಷರ ಅಂಚಲ್ಲೇ ಮುಳುಗಿಹೋಗತ್ತೆ, ದಪ್ಪ ಅಕ್ಷರಕ್ಕೆ ಮಾತ್ರ ಅಂಚು ತಡ್ಕೊಳ್ಳೋ ಶಕ್ತಿ ಇರತ್ತೆ. ಜೊತೆಗೆ ಚಿತ್ರದ ಅಗಲ ಫಿಕ್ಸ್, ಮಾತು ಮೇಲೊಂದು ಸಾಲು ಕೆಳಗೊಂದು ಸಾಲಲ್ಲಿ ಮುಗೀಬೇಕು. ಮತ್ತೆ ಅದೇ ಅಗಲದ ಸಮಸ್ಯೆ ನೋಡಿ.

ಈಗ ಅಕ್ಷರದ ಒಳಗೆ ಹೋಗೋಣ, ನಂಗೆ ಅತಿ ಇಷ್ಟವಾದ ಭಾಗ ಇದು. ದಪ್ಪ ಕಂಡೆನ್ಸ್ಡ್ ಅಕ್ಷರ ಬರೆಯೋನು ನಿಜವಾಗಿ ಡಿಸೈನ್ ಮಾಡೋದು ಕಪ್ಪನ್ನಲ್ಲ, ಬಿಳಿಯನ್ನ. ಇಂಗ್ಲಿಷಿನ ಓ ತಗೊಳ್ಳಿ. ಮಾಮೂಲಿ ಫಾಂಟಲ್ಲಿ ಅದು ಗುಂಡಗೆ, ಒಳಗೆ ದೊಡ್ಡ ಬಿಳಿ ಜಾಗ. ಆ ಒಳಗಿನ ಜಾಗಕ್ಕೆ ಕೌಂಟರ್ ಅಂತಾರೆ. ಕಂಡೆನ್ಸ್ಡ್ ಬೋಲ್ಡಲ್ಲಿ ಓ ಎರಡು ನೆಟ್ಟಗಿನ ಗೋಡೆ ಆಗಿಬಿಡತ್ತೆ, ಮೇಲೂ ಕೆಳಗೂ ಸಣ್ಣ ಕಮಾನು, ಮಧ್ಯೆ ಉಳಿಯೋದು ಒಂದು ಸಪೂರ ಬಿಳಿ ಸೀಳು. ಎಡ ಗೋಡೆ 100 ಯೂನಿಟ್ ದಪ್ಪ, ಬಲ ಗೋಡೆ 100, ಮಧ್ಯೆ ಬಿಳಿ 50 ಅಂತಿಟ್ಕೊಂಡ್ರೆ, ಆ 50ರಲ್ಲಿ 10 ಕಮ್ಮಿ ಮಾಡಿದ್ರೂ ಅಕ್ಷರದ ಗುಣವೇ ಬದಲಾಗತ್ತೆ, ಆದ್ರೆ 100ರಲ್ಲಿ 10 ಹೆಚ್ಚು ಮಾಡಿದ್ರೆ ಬರಿಗಣ್ಣಿಗೆ ಅಷ್ಟು ಗೊತ್ತಾಗಲ್ಲ. ಇಡೀ ಅಕ್ಷರಮಾಲೆಯಲ್ಲಿ ಈ ಬಿಳಿ ಸೀಳುಗಳು ಒಂದೇ ಅಳತೆ ಕಾಣೋ ಹಾಗೆ ನೋಡ್ಕೊಳ್ಳೋದೇ ಕೆಲಸ, ಅದು ಸರಿ ಬಂದ್ರೆ ಪದ ಪೂರ್ತಿ ಒಂದು ಬೇಲಿಯ ಗಳುಗಳ ಹಾಗೆ ಲಯವಾಗಿ ನಿಲ್ಲತ್ತೆ.

ಕಷ್ಟ ಕೊಡೋ ಅಕ್ಷರಗಳಿವೆ. ಎಂ ಮತ್ತು ಡಬ್ಲ್ಯೂ, ಇವಕ್ಕೆ ನಾಲ್ಕು ಕೋಲು, ಆದ್ರೆ ಜಾಗ ಅಷ್ಟೇ, ಹಂಗಾಗಿ ಅಲ್ಲಿ ಕೋಲನ್ನ ಗೊತ್ತಾಗದ ಹಾಗೆ ಸಪೂರ ಮಾಡಬೇಕು ಅಥವಾ ಅಕ್ಷರವನ್ನ ಸ್ವಲ್ಪ ಅಗಲ ಬಿಡಬೇಕು, ಸಾಮಾನ್ಯವಾಗಿ ಎರಡೂ ಮಾಡ್ತಾರೆ. ಸಣ್ಣಕ್ಷರದ ಎ (a), ಈ (e), ಎಸ್ (s) ಮೂರಕ್ಕೂ ಎತ್ತರದಲ್ಲಿ ಮೂರು ಅಡ್ಡಗೆರೆ ಬೇಕು, ಅವುಗಳ ಮಧ್ಯೆ ಬಿಳಿ ಬೇಕು. ಅದಕ್ಕೇ ಈ ಜಾತಿಯ ಫಾಂಟುಗಳಲ್ಲಿ ಅಡ್ಡಗೆರೆ ಯಾವಾಗ್ಲೂ ನಿಲುಗೆರೆಗಿಂತ ಸಪೂರ, ಎಕ್ಸ್-ಹೈಟ್ ಎತ್ತರ. ಸಿ (c), ಈ (e) ಅಕ್ಷರಗಳ ಬಾಯಿ ಬಹಳ ಕಿರಿದಾಗಿ ಮುಚ್ಕೊಳ್ಳತ್ತೆ, ದೂರದಿಂದ ನೋಡಿದ್ರೆ ಸಿ, ಈ, ಓ ಮೂರೂ ಒಂದೇ ಥರ ಕಾಣೋ ಅಪಾಯ ಇದೆ. ಆರ್ ಪಕ್ಕ ಎನ್ ಬಂದ್ರೆ ಎಂ ಅಂತ ಓದಿಬಿಡ್ತೀವಿ. ಈ ತೊಂದರೆಗಳೆಲ್ಲ ಸಣ್ಣಕ್ಷರದಲ್ಲೇ ಹೆಚ್ಚು, ಹಂಗಾಗಿ ಈ ಜಾತಿಯಲ್ಲಿ ಎಷ್ಟೋ ಫಾಂಟು ಬರೀ ಕ್ಯಾಪಿಟಲ್ಸ್. ರ್‍ಯೋಯಿಚಿ ತ್ಸುನೆಕಾವಾ ಅವರ ಬೆಬಾಸ್ ನ್ಯೂ ಇದೆಯಲ್ಲ, ಅದರಲ್ಲಿ ಸಣ್ಣಕ್ಷರ ಟೈಪ್ ಮಾಡಿದ್ರೂ ಕ್ಯಾಪಿಟಲ್ಲೇ ಬರತ್ತೆ.

ಇಲ್ಲಿ ಒಂದು ಮಾತು ತುಂಬಾ ಒತ್ತಿ ಹೇಳ್ಬೇಕು. ಫಾಂಟನ್ನ ಪಕ್ಕದಿಂದ ಹಿಡಿದು ಒತ್ತಿದ್ರೆ ಕಂಡೆನ್ಸ್ಡ್ ಆಗಲ್ಲ. ಎಲ್ಲಾ ಸಾಫ್ಟ್‌ವೇರಲ್ಲೂ ಆ ಆಪ್ಶನ್ ಇದೆ, ಹಾರಿಜಾಂಟಲ್ ಸ್ಕೇಲ್ 60 ಪರ್ಸೆಂಟ್ ಅಂತ ಹಾಕಿಬಿಡ್ತಾರೆ, ಎಲ್ಲರೂ ಮಾಡ್ತಾರೆ. ಏನಾಗತ್ತೆ ನೋಡಿ. ಒಂದು ಬೋಲ್ಡ್ ಕ್ಯಾಪಿಟಲ್ E ಅಕ್ಷರದ ನಿಲುಗೆರೆ 100 ಯೂನಿಟ್, ಅಡ್ಡಗೆರೆ 85. ಅಗಲದ ದಿಕ್ಕಲ್ಲಿ 60 ಪರ್ಸೆಂಟಿಗೆ ಒತ್ತಿದ್ರೆ ನಿಲುಗೆರೆ 60 ಆಯ್ತು, ಅಡ್ಡಗೆರೆ 85 ಹಂಗೇ ಉಳೀತು. ಈಗ ಅಡ್ಡಗೆರೆ ನಿಲುಗೆರೆಗಿಂತ ದಪ್ಪ! ನಾವು ಈಗಷ್ಟೇ ಏನಂದ್ವಿ, ಕಂಡೆನ್ಸ್ಡ್ ಬೋಲ್ಡಲ್ಲಿ ನಿಲುಗೆರೆ ದಪ್ಪ ಇರಬೇಕು, ಅಡ್ಡಗೆರೆ ಸಪೂರ ಇರಬೇಕು, ಒತ್ತಿದಾಗ ಅದಕ್ಕೆ ಸರೀ ಉಲ್ಟಾ ಆಯ್ತು. ಓ ಅಕ್ಷರಕ್ಕೆ ಮೇಲೂ ಕೆಳಗೂ ಭಾರ ಬಂದು ಪಕ್ಕಗಳು ಸೊರಗಿಹೋಗ್ತವೆ, ಡಾಟ್‌ಗಳು ಮೊಟ್ಟೆ ಆಗ್ತವೆ. ನಿಜವಾದ ಕಂಡೆನ್ಸ್ಡ್ ಬರೆಯೋನು ಆ 100 ಯೂನಿಟ್ ಕೋಲನ್ನ ಹೆಚ್ಚುಕಮ್ಮಿ ಹಂಗೇ ಉಳಿಸ್ಕೊಂಡು ಕೌಂಟರಲ್ಲಿ ಮಾತ್ರ ಜಾಗ ಕಡಿತಾನೆ, ಕಮಾನು ಪೂರ್ತಿ ಹೊಸದಾಗಿ ಬರೀತಾನೆ. ಒತ್ತಿದ ಅಕ್ಷರ ನೋಡಿದವರಿಗೆ ಕಾರಣ ಹೇಳೋಕೆ ಬರದಿದ್ರೂ ಏನೋ ಸರಿಯಿಲ್ಲ ಅಂತ ಕಣ್ಣಿಗೆ ಗೊತ್ತಾಗತ್ತೆ, ಅದು ಪಕ್ಕಾ.

ಅಗಲ ಅನ್ನೋದು ತೂಕದಷ್ಟೇ, ಅಂದ್ರೆ ಗೆರೆಯ ದಪ್ಪದಷ್ಟೇ ಮುಖ್ಯ ಅಂತ ಶಿಸ್ತಾಗಿ ತೋರಿಸಿದ್ದು ಆಡ್ರಿಯನ್ ಫ್ರುಟಿಗರ್, 1957ರ ಯೂನಿವರ್ಸ್‌ನಲ್ಲಿ. 21 ಫಾಂಟಿನ ಫ್ಯಾಮಿಲಿ, ಹೆಸರಿನ ಬದಲು ಎರಡಂಕಿ ನಂಬರ್. ಮೊದಲ ಅಂಕಿ ತೂಕ, ಎರಡನೇ ಅಂಕಿ ಅಗಲ ಮತ್ತು ವಾಲು. 55 ಅಂದ್ರೆ ಮಾಮೂಲಿ, 67 ಅಂದ್ರೆ ಬೋಲ್ಡ್ ಕಂಡೆನ್ಸ್ಡ್, 59 ಅಂದ್ರೆ ಇನ್ನೂ ಇಕ್ಕಟ್ಟು. ಜೊನಾಥನ್ ಹೋಫ್ಲರ್ ಇದನ್ನೇ ಬೇರೆ ಥರ ಮಾಡಿದ್ರು, ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್ ಪತ್ರಿಕೆಗೆ ಅಂತ 1990ರಲ್ಲಿ ಮಾಡಿದ ಚಾಂಪಿಯನ್ ಗಾಥಿಕ್‌ನ ಆರು ಅಗಲಗಳಿಗೂ ಬಾಕ್ಸಿಂಗ್ ತೂಕದ ಹೆಸರು, ಬ್ಯಾಂಟಮ್‌ವೇಟ್‌ನಿಂದ ಹೆವಿವೇಟ್ ತನಕ. ಮರದ ಅಕ್ಷರದ ಕಾಲದ ಆ ಹಳೇ ತರ್ಕ, ಸಾಲಿನ ಅಗಲಕ್ಕೆ ತಕ್ಕ ಅಕ್ಷರ, ಅದನ್ನ ಪತ್ರಿಕೆ ಪುಟಕ್ಕೆ ವಾಪಸ್ ತಂದ್ರು. 2014ರಲ್ಲಿ ಬರ್ಟನ್ ಹಸೆಬೆ ಅವರ ಡ್ರುಕ್ ಬಂತು, ಅದರಲ್ಲಿ ಮಾಮೂಲಿ ಅಗಲವೇ ಇಲ್ಲ, ಇಕ್ಕಟ್ಟಾದ್ರೆ ವಿಪರೀತ ಇಕ್ಕಟ್ಟು, ಅಗಲ ಅಂದ್ರೆ ವಿಪರೀತ ಅಗಲ. ನಂಗೆ ಆ ಧೈರ್ಯ ಇಷ್ಟ. ಡಿಸ್‌ಪ್ಲೇ ಫಾಂಟಿಗೆ, ಅಂದ್ರೆ ದೊಡ್ಡ ಸೈಜಿಗೆ ಅಂತಲೇ ಮಾಡಿದ ಫಾಂಟಿಗೆ, ಎಲ್ಲಾ ಕೆಲಸ ಬರಬೇಕು ಅಂತೇನಿಲ್ಲ.

ಬಳಕೆಗೆ ಬರೋಣ. ಮೊದಲನೇದು ಅಕ್ಷರಗಳ ನಡುವಿನ ಜಾಗ. ಒಳಗಿನ ಬಿಳಿ ಸಪೂರ ಇದ್ದಾಗ ಹೊರಗಿನ ಬಿಳಿಯೂ ಅದಕ್ಕೆ ತಕ್ಕಂತೆ ಸಪೂರ ಇರಬೇಕು, ಇಲ್ಲಾಂದ್ರೆ ಪದ ಬಿಡಿಬಿಡಿಯಾಗಿ ಉದುರಿದ ಹಾಗಾಗತ್ತೆ. ಒಳ್ಳೇ ಕಂಡೆನ್ಸ್ಡ್ ಫಾಂಟಲ್ಲಿ ಇದು ಮೊದಲೇ ಸೆಟ್ ಆಗಿರತ್ತೆ, ದೊಡ್ಡ ಸೈಜಲ್ಲಿ ಇನ್ನೊಂಚೂರು ಬಿಗಿ ಮಾಡ್ಬಹುದು, ಆದ್ರೆ ಅಕ್ಷರ ಅಕ್ಷರ ಅಂಟೋ ತನಕ ಹೋಗ್ಬೇಡಿ. ಸಣ್ಣ ಸೈಜಿಗೆ ಇಳಿಸೋದು ಅನಿವಾರ್ಯ ಆದ್ರೆ ಟ್ರ್ಯಾಕಿಂಗ್, ಅಂದ್ರೆ ಅಕ್ಷರಗಳ ನಡುವಿನ ಈ ಜಾಗ, ಸಡಿಲ ಮಾಡಿ. ಎರಡನೇದು ಸಾಲಿನ ನಡುವಿನ ಜಾಗ. ಎಲ್ಲಾ ಕ್ಯಾಪಿಟಲ್ಸ್ ಇದ್ರೆ ಕೆಳಕ್ಕೆ ಇಳಿಯೋ ಬಾಲ ಇಲ್ಲ, ಲೀಡಿಂಗ್, ಅಂದ್ರೆ ಸಾಲಿಂದ ಸಾಲಿಗೆ ಬಿಡೋ ಅಂತರ, ಮಾಮೂಲಿಯಷ್ಟೇ ಇಟ್ರೆ ಮಧ್ಯೆ ದೊಡ್ಡ ಬಿಳಿ ಪಟ್ಟೆ ಬರತ್ತೆ, ನಿಲುಗೆರೆಯಿಂದ ಬಂದ ಬಿಗಿಯೆಲ್ಲ ಅಲ್ಲಿ ಸೋರಿಹೋಗತ್ತೆ. ಪಾಯಿಂಟ್ ಸೈಜಿಗಿಂತ ಕಮ್ಮಿ ಲೀಡಿಂಗ್, 0.9ರ ಆಸುಪಾಸಲ್ಲಿ ಟ್ರೈ ಮಾಡಿ ನೋಡಿ, ಮೂರು ಸಾಲು ಸೇರಿ ಒಂದೇ ಗಟ್ಟಿ ಬ್ಲಾಕ್ ಆಗತ್ತೆ.

ಎಲ್ಲಿ ಹಾಕಬಾರದು ಅಂತನೂ ಹೇಳ್ಬೇಕು. ಪ್ಯಾರಾಗ್ರಾಫಿಗೆ ಬೇಡ. ನಾಲ್ಕೈದು ಪದ ದಾಟಿದ್ರೆ ಕಣ್ಣು ಆ ನಿಲುಗೆರೆಗಳ ಸಾಲಲ್ಲಿ ಅಕ್ಷರ ಹುಡುಕೋಕೆ ಶುರು ಮಾಡತ್ತೆ, ಓದು ನಿಧಾನ ಆಗತ್ತೆ. ಓಡುವಾಗ, ದೂರದಿಂದ, ಒಂದೇ ಕ್ಷಣದಲ್ಲಿ ಓದಬೇಕಾದ ಕಡೆನೂ ಬೇಡ. ಅಮೆರಿಕದ ಹೆದ್ದಾರಿ ಬೋರ್ಡುಗಳ ಅಕ್ಷರಗಳು ಎ, ಬಿ, ಸಿ ಅಂತ ಸೀರೀಸ್‌ಗಳಲ್ಲಿ ಬಂದಿದ್ವು, ಎ ಎಲ್ಲಕ್ಕಿಂತ ಇಕ್ಕಟ್ಟು, ಮುಂದೆ ಹೋದ ಹಾಗೆ ಅಗಲ. ವೇಗವಾಗಿ ಹೋಗೋ ಗಾಡಿಯಿಂದ ಓದೋಕೆ ಕಷ್ಟ ಅಂತ ಆ ಎ ಸೀರೀಸನ್ನೇ ಕೈಬಿಟ್ರು. ಪೋಸ್ಟರ್ ಮುಂದೆ ಓದೋನು ನಿಂತಿರ್ತಾನೆ, ಹೆದ್ದಾರಿಯಲ್ಲಿ ನಿಂತಿರಲ್ಲ, ಈ ವ್ಯತ್ಯಾಸ ಫಾಂಟ್ ಆರಿಸೋವಾಗ ತಲೇಲಿ ಇರ್ಲಿ.

ಸ್ವಲ್ಪ ದಾರಿ ಬಿಟ್ಟು ಒಂದು ವಿಷಯ ಹೇಳ್ತೀನಿ. ಹಾಲಿವುಡ್ ಸಿನಿಮಾ ಪೋಸ್ಟರಿನ ಕೆಳಗಡೆ ನಿರ್ದೇಶಕ, ಸಂಗೀತ, ನಿರ್ಮಾಪಕ ಅಂತ ಹೆಸರುಗಳ ಒಂದು ಇಟ್ಟಿಗೆ ಇರತ್ತಲ್ಲ, ಓದೋಕೇ ಆಗದಷ್ಟು ಉದ್ದ ಸಪೂರ ಅಕ್ಷರ. ಅದು ಯಾಕೆ ಹಂಗೆ? ಹೆಸರಿನ ಸೈಜು ಟೈಟಲ್ ಸೈಜಿನ ಇಷ್ಟು ಪಾಲಿಗಿಂತ ಕಮ್ಮಿ ಇರಬಾರದು ಅಂತ ಕಾಂಟ್ರ್ಯಾಕ್ಟಲ್ಲೇ ಬರ್ಕೊಂಡಿರ್ತಾರೆ. ಹತ್ತಿಪ್ಪತ್ತು ಹೆಸರು, ಎತ್ತರ ಕಮ್ಮಿ ಮಾಡೋ ಹಾಗಿಲ್ಲ, ಹಂಗಾಗಿ ಅಗಲವನ್ನ ಹಿಂಡಿ ಹಿಂಡಿ ಕೂರಿಸ್ತಾರೆ. ಇದು ಬೋಲ್ಡ್ ಅಲ್ಲ, ಓದಿಸೋ ಉದ್ದೇಶವೂ ಅಷ್ಟಾಗಿಲ್ಲ, ಆದ್ರೆ ಎತ್ತರ ಕೊಟ್ಟು ಅಗಲ ಉಳಿಸೋ ಅದೇ ಉಪಾಯ.

ಅಂಕಿಗಳಿಗೆ ಈ ಅಕ್ಷರ ತುಂಬಾ ಚೆನ್ನ. ಜೆರ್ಸಿ ಮೇಲಿನ ನಂಬರು, ಸ್ಕೋರು, ದೊಡ್ಡ ತಾರೀಖು. ಎರಡು ಮೂರು ಅಂಕಿ ಅಷ್ಟೇ, ಎಲ್ಲಾ ಒಂದೇ ಎತ್ತರ, ಒಂದೇ ಅಗಲ. ಆದ್ರೆ 3, 6, 8, 9 ಇವುಗಳ ಬಿಳಿ ತೆರೆದಿದೆಯಾ ಅಂತ ನೋಡಿ, ಬಾಯಿ ಮುಚ್ಚಿದ 6 ದೂರಕ್ಕೆ 8 ಆಗತ್ತೆ.

ವೆಬ್‌ಸೈಟ್ ಮಾಡೋರಿಗೆ ಒಂದು ಕಿವಿಮಾತು, ಇದನ್ನ ದಯವಿಟ್ಟು ನೆನಪಿಟ್ಕೊಳ್ಳಿ. ಬೆಬಾಸ್ ನ್ಯೂ, ಆಂಟನ್ ಇವೆಲ್ಲ ನೋಡೋಕೆ ದಪ್ಪ, ಆದ್ರೆ ಫೈಲಿನ ಒಳಗೆ ಅವುಗಳ ತೂಕ 400, ಅಂದ್ರೆ ರೆಗ್ಯುಲರ್ ಅಂತ ಬರೆದಿದೆ, ಇರೋದು ಅದೊಂದೇ ತೂಕ. ಬ್ರೌಸರ್ ಏನ್ ಮಾಡತ್ತೆ ಅಂದ್ರೆ ಹೆಡಿಂಗ್ ಟ್ಯಾಗ್ ನೋಡಿದ ತಕ್ಷಣ ಬೋಲ್ಡ್ ಕೇಳತ್ತೆ, ಫೈಲಲ್ಲಿ ಬೋಲ್ಡ್ ಇಲ್ಲ, ಆಗ ತಾನೇ ಅಕ್ಷರಕ್ಕೆ ಮಸಿ ಬಳಿದು ಸುಳ್ಳು ಬೋಲ್ಡ್ ತಯಾರು ಮಾಡತ್ತೆ. ಮೊದಲೇ 50 ಯೂನಿಟ್ ಇದ್ದ ಆ ಸೀಳು ಇನ್ನೂ ಮುಚ್ಕೊಳ್ತು. ಎಷ್ಟೋ ಸೈಟುಗಳಲ್ಲಿ ಹೆಡ್‌ಲೈನು ಮಸಿ ಚೆಲ್ಲಿದ ಹಾಗೆ ಕಾಣೋದು ಇದಕ್ಕೇ. ಹೆಡಿಂಗಿಗೆ ತೂಕ 400 ಅಂತ ನೀವೇ ಬರೆದುಬಿಡಿ, ಸರಿಹೋಗತ್ತೆ. ಅಗಲದ ವಿಷಯದಲ್ಲಿ ಬ್ರೌಸರ್ ಹಾಗೆ ಮಾಡಲ್ಲ, ಕಂಡೆನ್ಸ್ಡ್ ಕೇಳಿದಾಗ ಫಾಂಟಲ್ಲಿ ಇಲ್ಲ ಅಂದ್ರೆ ಇರೋದನ್ನೇ ತೋರಿಸತ್ತೆ, ಒತ್ತಲ್ಲ, ಒಳ್ಳೇದೇ ಆಯ್ತು. 2016ರಲ್ಲಿ ವೇರಿಯಬಲ್ ಫಾಂಟ್ ಬಂದ ಮೇಲೆ ಒಂದೇ ಫೈಲಲ್ಲಿ ತೂಕ ಒಂದು ಸ್ಲೈಡರು, ಅಗಲ ಇನ್ನೊಂದು ಸ್ಲೈಡರು. ಬೆಂಟನ್ ಮೂರು ಅಗಲ ಕೊಟ್ಟಿದ್ದ, ಈಗ ಮಧ್ಯದ್ದೆಲ್ಲ ಸಿಗತ್ತೆ, ಸಾಲು ತುಂಬೋ ತನಕ ಎಳೀಬಹುದು, ಅದೂ ಡಿಸೈನರ್ ಬರೆದ ಆಕಾರದಲ್ಲೇ.

ಈಗ ಕನ್ನಡ. ಇಲ್ಲಿ ತನಕ ಹೇಳಿದ್ದೆಲ್ಲ ನೇರವಾಗಿ ಕನ್ನಡಕ್ಕೆ ಹಾಕೋಕೆ ಬರಲ್ಲ, ಅದು ಯಾಕೆ ಅಂತ ನೋಡಿದ್ರೆ ಈ ಅಕ್ಷರದ ಗುಣ ಇನ್ನೂ ಚೆನ್ನಾಗಿ ಅರ್ಥ ಆಗತ್ತೆ. ಕನ್ನಡದಲ್ಲಿ ಕ್ಯಾಪಿಟಲ್ಸ್ ಇಲ್ಲ. ಎಲ್ಲಾ ಅಕ್ಷರ ಒಂದೇ ಎತ್ತರ, ಕೆಳಗೆ ಏನೂ ಇಲ್ಲ, ಸಾಲಿನ ಮೇಲೆ ಸಾಲು ಇಟ್ಟಿಗೆ ಥರ ಪೇರಿಸಬಹುದು ಅನ್ನೋ ಆ ಅನುಕೂಲವೇ ಇಲ್ಲ. ನಮಗೆ ಮೇಲೆ ಗುಡಿಸು ಇದೆ, ಕೆಳಗೆ ಒತ್ತಕ್ಷರ ಇದೆ, ಬಲಕ್ಕೆ ದೀರ್ಘ ಇದೆ, ಅರ್ಕಾವತ್ತು ಇದೆ. ಅಂದ್ರೆ ಅಕ್ಷರ ಎರಡೂ ದಿಕ್ಕಿಗೆ ಬೆಳೆಯತ್ತೆ. ಮೇಲಾಗಿ ಆಕಾರಗಳೇ ಗುಂಡು, ಅಗಲ. ಮ, ಯ, ಝ, ಣ, ಖ ಇವೆಲ್ಲ ಪಕ್ಕಪಕ್ಕಕ್ಕೆ ಎರಡು ಮೂರು ಉಬ್ಬು ಇರೋ ಅಕ್ಷರ, ಇಂಗ್ಲಿಷಿನ ಎಂ ಕಷ್ಟ ಅಂದ್ವಲ್ಲ, ಕನ್ನಡದಲ್ಲಿ ಅಂಥವು ಪ್ರತಿ ಪದದಲ್ಲೂ ಸಿಗ್ತವೆ. ಹಂಗಾಗಿ ಅಗಲ ಉಳಿಸೋ ಅಗತ್ಯ ಕನ್ನಡಕ್ಕೆ ಇಂಗ್ಲಿಷಿಗಿಂತ ಹೆಚ್ಚು, ಆದ್ರೆ ಮಾಡೋದು ಇಂಗ್ಲಿಷಿಗಿಂತ ಕಷ್ಟ.

ಹತ್ತಿರದಿಂದ ಎರಡು ಅಕ್ಷರ ನೋಡೋಣ, ದ ಮತ್ತು ಧ. ಎರಡಕ್ಕೂ ಇರೋ ವ್ಯತ್ಯಾಸ ಕೆಳಗಡೆಯ ಆ ಪುಟ್ಟ ಸೀಳು ಮಾತ್ರ. ಡ ಢ, ಪ ಫ ಎಲ್ಲಾ ಹಂಗೇ. ತೂಕ ಏರಿಸ್ತಾ ಹೋದ ಹಾಗೆ ಆ ಸೀಳಿನ ಸುತ್ತ ಇರೋ ಬಿಳಿ ಮೊದಲು ಸಾಯತ್ತೆ. ಠ ತಗೊಳ್ಳಿ, ವೃತ್ತದ ಒಳಗೆ ಒಂದು ಚುಕ್ಕಿ. ಅಗಲ ಕಮ್ಮಿ ಮಾಡಿ ವೃತ್ತವನ್ನ ಸಪೂರ ಮಾಡಿದ್ರೆ, ಗೋಡೆ ದಪ್ಪ ಮಾಡಿದ್ರೆ, ಚುಕ್ಕಿ ಎಲ್ಲಿ ಇಡ್ತೀರಿ? ಥ ದಲ್ಲಿ ಚುಕ್ಕಿನೂ ಇದೆ ಸೀಳೂ ಇದೆ. ಷ ದ ಒಳಗಿನ ಗೆರೆ ಮುಚ್ಚಿದ್ರೆ ಪ ಥರ ಕಾಣತ್ತೆ. ಇಂಗ್ಲಿಷಲ್ಲಿ ಕೌಂಟರ್ ಮುಚ್ಚಿದ್ರೆ ಅಕ್ಷರ ಕೊಳಕಾಗಿ ಕಾಣತ್ತೆ, ಕನ್ನಡದಲ್ಲಿ ಅಕ್ಷರವೇ ಬದಲಾಗಿಹೋಗತ್ತೆ, ಅಷ್ಟು ದೊಡ್ಡ ವಿಷಯ ಇದು. ಅದಕ್ಕೇ ಇಂಪ್ಯಾಕ್ಟಿನಷ್ಟು ಕಪ್ಪು, ಅಷ್ಟು ಇಕ್ಕಟ್ಟು ಎರಡನ್ನೂ ಒಟ್ಟಿಗೆ ಕನ್ನಡದಲ್ಲಿ ಬಯಸೋದು ಸರಿಯಲ್ಲ ಅನ್ಸತ್ತೆ ನಂಗೆ. ಅಗಲ ಬೇಡ ಅಂದ್ರೆ ತೂಕದಲ್ಲಿ ಸ್ವಲ್ಪ ಬಿಟ್ಕೊಡಬೇಕು.

ಇಷ್ಟು ವರ್ಷ ಕನ್ನಡದಲ್ಲಿ ಇಂಥ ಫಾಂಟು ಸಿಗದೇ ಇದ್ದಿದ್ದಕ್ಕೆ ಪಕ್ಕದಿಂದ ಒತ್ತೋದೇ ಅಭ್ಯಾಸ ಆಗಿದೆ. ಗುಂಡು ಅಕ್ಷರ ಒತ್ತಿದ್ರೆ ಹಾನಿ ಇನ್ನೂ ಜಾಸ್ತಿ, ತಲೆಕಟ್ಟಿನ ಅಡ್ಡಗೆರೆ ದಪ್ಪಗೇ ಉಳಿಯತ್ತೆ, ಹೊಟ್ಟೆಯ ಪಕ್ಕಗಳು ಸೊರಗ್ತವೆ, ಸಾಲು ಪೂರ್ತಿ ತಲೆಭಾರ. ಈಗ ದಾರಿ ಇದೆ. ಏಕ್ ಟೈಪ್ ಅವರ ಅನೇಕ್ ಕನ್ನಡ 2022ರಲ್ಲಿ ಬಂತು, ಫ್ರೀ, ವೇರಿಯಬಲ್, ತೂಕ 100ರಿಂದ 800 ತನಕ, ಅಗಲ 75ರಿಂದ 125 ತನಕ. 75 ಅಗಲ, 700 ತೂಕಕ್ಕೆ ಇಟ್ಟು ಒಂದು ಹೆಡ್‌ಲೈನ್ ಟೈಪ್ ಮಾಡಿ, ಅದೇ ಹೆಡ್‌ಲೈನನ್ನ 100 ಅಗಲದಲ್ಲಿಟ್ಟು 75 ಪರ್ಸೆಂಟಿಗೆ ಒತ್ತಿ, ಎರಡನ್ನೂ ಮೇಲೆ ಕೆಳಗೆ ಇಟ್ಟು ನೋಡಿ. ತಲೆಕಟ್ಟು ಮತ್ತು ಅನುಸ್ವಾರದ ಸೊನ್ನೆ ಎರಡನ್ನ ನೋಡಿದ್ರೆ ಸಾಕು, ಬರೆದಿದ್ದು ಯಾವುದು ಒತ್ತಿದ್ದು ಯಾವುದು ಅಂತ ತಕ್ಷಣ ಗೊತ್ತಾಗತ್ತೆ.

ಸಾಲಿನ ಜಾಗದ ವಿಷಯದಲ್ಲಿ ಕನ್ನಡಕ್ಕೆ 0.9 ನಡೆಯಲ್ಲ, ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯತ್ತೆ. ಆದ್ರೆ ಹೆಡ್‌ಲೈನ್ ನಿಮ್ಮ ಕೈಲೇ ಇದ್ರೆ ಒಂದು ಉಪಾಯ ಇದೆ, ಸಾಲು ಎಲ್ಲಿ ಮುರೀಬೇಕು ಅನ್ನೋದನ್ನ ಒತ್ತಕ್ಷರ ನೋಡಿ ತೀರ್ಮಾನ ಮಾಡಿ, ಒತ್ತು ಇರೋ ಪದದ ಕೆಳಗೆ ಗುಡಿಸು ಇಲ್ಲದ ಅಕ್ಷರ ಬರೋ ಹಾಗೆ ಮಾಡಿದ್ರೆ ಸಾಲುಗಳನ್ನ ಸಾಕಷ್ಟು ಹತ್ತಿರ ತರಬಹುದು. ಕೈಯಿಂದ ಬೋರ್ಡ್ ಬರೆಯೋರು ಇದನ್ನ ಅಭ್ಯಾಸದಲ್ಲೇ ಮಾಡ್ತಾರೆ, ಒತ್ತನ್ನ ಸ್ವಲ್ಪ ಪಕ್ಕಕ್ಕೆ ಸರಿಸ್ತಾರೆ, ಸ್ವಲ್ಪ ಚಿಕ್ಕದು ಮಾಡ್ತಾರೆ.

ಯಾವುದೇ ದಪ್ಪ ಕಂಡೆನ್ಸ್ಡ್ ಕನ್ನಡ ಫಾಂಟು ಕೈಗೆ ಬಂದ್ರೂ ನಾನು ಮೊದಲು ಟೈಪ್ ಮಾಡೋದು ಕೆಲವೇ ಪದ. ರಾಷ್ಟ್ರೀಯ, ಸ್ತ್ರೀ, ಧರ್ಮ, ಯಮುನಾ, ಪಾಠ, ಭಾಷಣ. ಮೊದಲೆರಡರಲ್ಲಿ ಎರಡೆರಡು ಒತ್ತು ಪ್ಲಸ್ ದೀರ್ಘ, ಎತ್ತರ ಅಗಲ ಎರಡಕ್ಕೂ ಪರೀಕ್ಷೆ. ಧರ್ಮದಲ್ಲಿ ಸೀಳು ಮತ್ತು ಅರ್ಕಾವತ್ತು, ಯಮುನಾದಲ್ಲಿ ಉಬ್ಬುಗಳು, ಪಾಠದಲ್ಲಿ ಚುಕ್ಕಿ, ಭಾಷಣದಲ್ಲಿ ಭ ಷ ಣ ಮೂರೂ ಒಟ್ಟಿಗೆ. ಹೆಡ್‌ಲೈನ್ ಸೈಜಲ್ಲಿ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ ಹತ್ತು ಹೆಜ್ಜೆ ಹಿಂದೆ ಹೋಗಿ ನೋಡಿ. ಸೀಳು ಕಾಣ್ತಿದೆ, ಚುಕ್ಕಿ ಕಾಣ್ತಿದೆ ಅಂದ್ರೆ ಬಳಸಿ. ಕಾಣ್ತಿಲ್ಲ ಅಂದ್ರೆ ಅಗಲ ಮುಟ್ಟಬೇಡಿ, ತೂಕವನ್ನ ಒಂದು ಮೆಟ್ಟಿಲು ಇಳಿಸಿ ಇನ್ನೊಂದ್ಸಲ ಪ್ರಿಂಟ್ ತೆಗೀರಿ.